ಒಳಗಿರುವುದು ಮರ್ಸಿಡಿಸ್ ಇಂಜಿನ್ ತಾನೇ, ಮತ್ತೇನು ನೋಡಬೇಕು?

ಪ್ರಶ್ನೆ: ನಾವು ಪುಣೆಯ ವಾಕಡ್‌ನಲ್ಲಿದ್ದೇವೆ. ನಿವೃತ್ತಿಯ ನಂತರ ಹುಬ್ಬಳ್ಳಿ, ಗೋಕರ್ಣ, ಗೋವಾ ಎಂದು ತಿರುಗಾಡಲು ಒಂದು ಮೋಟರ್‌ಹೋಮ್ ಮಾಡಿಸುವ ಆಸೆಯಿದೆ. ಟಾಟಾ ವಿಂಗರ್ ಕೊಳ್ಳುವುದೋ, ಫೋರ್ಸ್ ಅರ್ಬೇನಿಯಾ ಕೊಳ್ಳುವುದೋ? ಫೋರ್ಸ್‌ನ ಒಳಗಿರುವುದು ಮರ್ಸಿಡಿಸ್ ಇಂಜಿನ್ ಎನ್ನುತ್ತಾರೆ. ಹಾಗಿದ್ದ ಮೇಲೆ ಮತ್ತೇನು ನೋಡಬೇಕು?

ಉತ್ತರ: ಇದೇ ಪ್ರಶ್ನೆಗೆ ನಾನು ಕನ್ನಡ ಸಂಘದ ಊಟದ ಪಂಕ್ತಿಯಲ್ಲಿ, ಹೌಸಿಂಗ್ ಸೊಸೈಟಿಯ ಲಿಫ್ಟಿನಲ್ಲಿ, ಒಮ್ಮೆ ಮದುವೆಯ ಅಕ್ಷತೆ ಕೈಯಲ್ಲಿ ಹಿಡಿದುಕೊಂಡೇ ಉತ್ತರ ಹೇಳಿದ್ದೇನೆ. ಇನ್ನು ಮುಂದೆ ಕೇಳಿದವರ ಕೈಗೆ ಈ ಬರಹವನ್ನೇ ಕೊಡುವುದೆಂದು ನಿರ್ಧರಿಸಿ, ಪಿಂಪ್ರಿ–ಚಿಂಚವಾಡದಲ್ಲಿ ಇಂಜಿನ್‌ಗಳ ನಡುವೆಯೇ ನೌಕರಿ ಮುಗಿಸಿದವನ ಹಕ್ಕಿನಿಂದ ತುಸು ವಿವರವಾಗಿ ಬರೆಯುತ್ತಿದ್ದೇನೆ.

ಮೊದಲು ಆ 'ಮರ್ಸಿಡಿಸ್ ಇಂಜಿನ್' ಎಂಬ ಮಾತಿನ ಮೂಲವನ್ನು ನೋಡೋಣ. ಆಕುರ್ಡಿಯ ಬಜಾಜ್ ಟೆಂಪೋ ಕಂಪನಿಯು (2005ರಿಂದ ಅದರ ಹೆಸರು ಫೋರ್ಸ್ ಮೋಟರ್ಸ್) ಮರ್ಸಿಡಿಸ್ ತಯಾರಿಸುತ್ತಿದ್ದ ಜರ್ಮನಿಯ ಡೈಮ್ಲರ್-ಬೆಂಜ್‌ನಿಂದ ಓಎಂ616 ಎಂಬ ಡೀಸೆಲ್ ಇಂಜಿನ್ ತಯಾರಿಸುವ ಪರವಾನಗಿ ಪಡೆದದ್ದು ನಿಜ. 1987ರಲ್ಲಿ ಬಂದ ಟೆಂಪೋ ಟ್ರಾವೆಲರ್ ಮರ್ಸಿಡಿಸ್ ವ್ಯಾನೊಂದರ ವಿನ್ಯಾಸವನ್ನು ಆಧರಿಸಿದ್ದೂ ನಿಜ. 2016ರಿಂದ ಇದೇ ಕಂಪನಿಯು ಚಾಕಣದಲ್ಲಿ ಮರ್ಸಿಡಿಸ್ ಕಾರುಗಳಿಗೆ ಇಂಜಿನ್ ಜೋಡಿಸಿಕೊಡುತ್ತಿರುವುದೂ ನಿಜ. ಈ ಮೂರು ನಿಜಗಳನ್ನು ಒಟ್ಟಿಗೆ ಕಲಸಿ, 'ಆ ಗಾಡಿಯೊಳಗೆ ಬೆಂಜ್ ಕಾರಿನ ಇಂಜಿನ್ನೇ ಇದೆ, ಅದು ಕೆಡುವುದೇ ಇಲ್ಲ, ಕೆಟ್ಟರೂ ಯಾವ ಹಳ್ಳಿಯ ಮೆಕ್ಯಾನಿಕ್ ಬೇಕಾದರೂ ಬಿಚ್ಚಿ ಕಟ್ಟಿಕೊಡುತ್ತಾನೆ' ಎಂಬ ನಾಲ್ಕನೆಯ ಮಾತನ್ನು ಯಾರು ಹುಟ್ಟಿಸಿದರೋ ದೇವರೇ ಬಲ್ಲ.

ಓಎಂ616 ಎಂಬುದು 2.4 ಲೀಟರ್‌ನ, ಹಳೆಯ 240ಡಿ ಕಾರಿಗೆ 1970ರ ದಶಕದಲ್ಲಿ ಕೇವಲ 65 ಅಶ್ವಶಕ್ತಿ ಕೊಡುತ್ತಿದ್ದ ಸಾಧು ಇಂಜಿನ್. ಅದರಲ್ಲಿ ಟರ್ಬೊ (ಹೆಚ್ಚು ಗಾಳಿಯನ್ನು ಒಳಗೆ ಒತ್ತುವ ಪಂಖ) ಇರಲಿಲ್ಲ, ಕಂಪ್ಯೂಟರ್ ಇರಲಿಲ್ಲ. ಡೀಸೆಲ್ಲನ್ನು ಸಿಲಿಂಡರಿನ ಪಕ್ಕದ ಪುಟ್ಟ ಕೋಣೆಯೊಂದಕ್ಕೆ ನೂರು–ನೂರೈವತ್ತು ಬಾರ್‌ನಷ್ಟು (ಒಂದು ಬಾರ್ ಎಂದರೆ ಸುಮಾರು ನಮ್ಮ ಸುತ್ತಲಿನ ಗಾಳಿಯ ಒತ್ತಡ) ಒತ್ತಡದಲ್ಲಿ ಸಿಂಪಡಿಸಲಾಗುತ್ತಿತ್ತು. ಮಂಡಿಯೂರಿ ಕುಳಿತ ಮೆಕ್ಯಾನಿಕ್ ಸ್ಪ್ಯಾನರ್ ಹಿಡಿದು ರಿಪೇರಿ ಮಾಡುತ್ತಿದ್ದದ್ದು ಈ ಇಂಜಿನ್ನನ್ನೇ. ಇಂದಿನದು ಅದೇ ವಂಶದಿಂದ ಬೆಳೆದು ಬಂದಿದ್ದರೂ 2,596 ಸಿಸಿಯ, ಟರ್ಬೊ ಉಳ್ಳ ಕಾಮನ್ ರೈಲ್ ಇಂಜಿನ್. ಎಲ್ಲ ಸಿಲಿಂಡರುಗಳಿಗೂ ಒಂದೇ ಕೊಳವೆಯಿಂದ ಡೀಸೆಲ್ ಹಂಚುವ ಈ ಕಾಮನ್ ರೈಲ್ ವ್ಯವಸ್ಥೆಯಲ್ಲಿ ಒತ್ತಡವು ಸಾವಿರ ಬಾರ್ ದಾಟುತ್ತದೆ, ಡೀಸೆಲ್ ಸಿಂಪಡಿಸುವ ಪ್ರತಿ ಇಂಜೆಕ್ಟರೂ ಕಂಪ್ಯೂಟರಿನ ಅಪ್ಪಣೆಗೆ ಕಾಯುತ್ತದೆ. ಅಜ್ಜನ ಆರೋಗ್ಯ ನೋಡಿ ಮೊಮ್ಮಗನಿಗೆ ವೈದ್ಯಕೀಯ ವಿಮೆ ಬೇಡವೆಂದು ಯಾರೂ ಹೇಳುವುದಿಲ್ಲ, ಆದರೆ ಗಾಡಿಯ ವಿಷಯದಲ್ಲಿ ಓದಿದವರೂ ಹೀಗೆಯೇ ಹೇಳುತ್ತಾರೆ.

ಇನ್ನೂ ಒಂದು ಸಾಕ್ಷಿ ಬೇಕಿದ್ದರೆ, ಫೋರ್ಸ್‌ನದೇ 2021ರ ಗೂರ್ಖಾ ಜೀಪಿನಲ್ಲಿ ಇದೇ 2.6 ಲೀಟರಿನ ಇಂಜಿನ್ ಸುಮಾರು 90 ಅಶ್ವಶಕ್ತಿ ಕೊಡುತ್ತಿತ್ತು. 2024ರ ಗೂರ್ಖಾದಲ್ಲಿ ಅದು 140ಕ್ಕೆ ಏರಿತು. ಅರ್ಬೇನಿಯಾದಲ್ಲಿ 115 ಅಶ್ವಶಕ್ತಿಯೇ ಆದರೂ ಟಾರ್ಕ್ (ಇಂಜಿನ್ನಿನ ತಿರುಚುವ ಬಲ) ಮಾತ್ರ 350 ನ್ಯೂಟನ್ ಮೀಟರ್, ಅಂದರೆ ಆ ಎರಡೂ ಜೀಪುಗಳಿಗಿಂತ ಹೆಚ್ಚು. ಮೂಲ ಒಂದೇ ಆದರೂ ಟರ್ಬೊ ಮತ್ತು ಕಂಪ್ಯೂಟರಿನ ಹೊಂದಾಣಿಕೆ ಬದಲಾದರೆ ಸ್ವಭಾವವೇ ಬದಲಾಗುತ್ತದೆ. ಆದ್ದರಿಂದ ಇಂಜಿನ್ನಿನ ಗೋತ್ರ ಕೇಳುವುದನ್ನು ಬಿಟ್ಟು, ಎಷ್ಟು ಆರ್‌ಪಿಎಮ್‌ನಲ್ಲಿ (ಇಂಜಿನ್ ನಿಮಿಷಕ್ಕೆ ಸುತ್ತುವ ಸುತ್ತುಗಳು) ಎಷ್ಟು ಟಾರ್ಕ್ ಎಂದು ಕೇಳಿರಿ.

ಈ ದೃಷ್ಟಿಯಿಂದ ನಿಮ್ಮ ಎರಡು ಗಾಡಿಗಳನ್ನು ಹೋಲಿಸೋಣ. ವಿಂಗರ್‌ನ 2.2 ಲೀಟರಿನ ಇಂಜಿನ್ 100 ಅಶ್ವಶಕ್ತಿ, 200 ನ್ಯೂಟನ್ ಮೀಟರ್ ಕೊಡುತ್ತದೆ. ಅಶ್ವಶಕ್ತಿಯ ಅಂತರ ಹದಿನೈದೇ ಎಂದು ಮೋಸ ಹೋಗಬೇಡಿ, ಆ ಅಂಕಿಗಳು ಇಂಜಿನ್ ಜೋರಾಗಿ ಸುತ್ತುವಾಗಿನವು. ಪುಣೆ–ಸಾತಾರಾ ದಾರಿಯ ಖಂಬಾಟಕಿ ಘಾಟಿನಲ್ಲಿ ಲಾರಿಯ ಹಿಂದೆ ಸಿಕ್ಕಿಕೊಂಡು 1,400 ಆರ್‌ಪಿಎಮ್‌ನಲ್ಲಿ ಏರುವಾಗ ಅರ್ಬೇನಿಯಾಗೆ ದೊರೆಯುವುದು ಸುಮಾರು 70 ಅಶ್ವಶಕ್ತಿ, ವಿಂಗರ್‌ಗೆ ಸುಮಾರು 40. ವಿಂಗರ್ ಹಗುರ, ಅದರ ನೆಲ ತಗ್ಗು, ಹತ್ತಿ ಇಳಿಯುವ ಮಂಡಿನೋವಿನವರಿಗೆ ಅದು ದೊಡ್ಡ ಅನುಕೂಲ. ಆದರೆ ಅದು ಮುಂಚಕ್ರ ಚಾಲನೆಯ ಗಾಡಿಯಾದ್ದರಿಂದ ನೀರಿನ ಟ್ಯಾಂಕ್, ಬ್ಯಾಟರಿ, ಅಡುಗೆಕಟ್ಟೆಗಳನ್ನೆಲ್ಲ ಹಿಂಭಾಗಕ್ಕೆ ತುಂಬಿದರೆ ಬೆಳಗಾವಿ–ಗೋವಾ ದಾರಿಯಲ್ಲಿ ಮಳೆಗಾಲದ ಚೋರ್ಲಾ ಘಾಟಿನ ಕಡಿದಾದ ತಿರುವಿನಲ್ಲಿ ಮುಂದಿನ ಚಕ್ರಗಳ ಹಿಡಿತ ಕಡಿಮೆಯಾಗುತ್ತದೆ. ನೂರು ಲೀಟರ್ ನೀರೆಂದರೆ ನೂರು ಕಿಲೋ. ಸಾಮಾನು, ನೀರು, ಜನ ಎಲ್ಲ ಸೇರಿದ ತೂಕವು ಆರ್‌ಸಿಯಲ್ಲಿ ನಮೂದಾದ ಒಟ್ಟು ತೂಕವನ್ನು ಮೀರದಂತೆ ವೇ-ಬ್ರಿಜ್‌ನಲ್ಲಿ ತೂಗಿಸಿ ನೋಡಬೇಕು. ಇಬ್ಬರೇ ಇದ್ದು, ಸಾಮಾನು ಕಡಿಮೆಯಿದ್ದರೆ ವಿಂಗರ್ ಸಾಕು. ಸ್ನಾನದ ಕೋಣೆ, ಏಸಿ, ಮೊಮ್ಮಕ್ಕಳು ಎಂದು ಪಟ್ಟಿ ಬೆಳೆಯುವುದಾದರೆ ನಾನು ಅರ್ಬೇನಿಯಾ ಎನ್ನುತ್ತೇನೆ.

ಕಂಪನಿಯ ಬೆಂಬಲದ ವಿಷಯದಲ್ಲಿ ಜನ ಮರೆಯುವುದೇನೆಂದರೆ, ಮೋಟರ್‌ಹೋಮ್‌ಗೆ ಒಬ್ಬ ತಯಾರಕನಿರುವುದಿಲ್ಲ. ಇಂಜಿನ್ನಿಗೆ ಗಾಡಿಯ ಕಂಪನಿ, ಒಳಗಿನ ಮನೆಗೆ ಬಾಡಿ ಕಟ್ಟುವವರು, ಏಸಿ–ಇನ್ವರ್ಟರ್‌ಗೆ ಮತ್ತೊಬ್ಬರು ಹೊಣೆ. ಒಳಗಿನ ದೀಪಕ್ಕೆಂದು ಗಾಡಿಯ ಮೂಲ ವೈರಿಂಗ್ ಕತ್ತರಿಸಿ ತಂತಿ ಎಳೆದಿದ್ದರೆ, ಮುಂದೆ ಸೆನ್ಸರ್ ಕೈಕೊಟ್ಟಾಗ ಮೂವರೂ ಪರಸ್ಪರರ ಕಡೆ ಬೆರಳು ತೋರಿಸುತ್ತಾರೆ. ನನ್ನ ಗೆಳೆಯರೊಬ್ಬರ ಗಾಡಿ ನಿಪ್ಪಾಣಿ ದಾಟಿದ ಮೇಲೆ ತಾನಾಗಿಯೇ ಬಲ ತಗ್ಗಿಸಿಕೊಂಡು ತೆವಳತೊಡಗಿತು. ಹತ್ತಿರದ ಸರ್ವಿಸ್ ಸೆಂಟರಿನಲ್ಲಿ ಬೋರ್ಡು ದೊಡ್ಡದಿತ್ತು, ಆ ಮಾದರಿಯ ದೋಷ ಓದುವ ಸ್ಕ್ಯಾನರ್ ಇರಲಿಲ್ಲ. ಆದ್ದರಿಂದ ಪುಣೆಯ ಶೋರೂಮಿನ ಕಾಫಿಗೆ ಮರುಳಾಗದೆ, ನೀವು ಹೋಗುವ ದಾರಿಯ ಕೊಲ್ಹಾಪುರ, ಬೆಳಗಾವಿ, ಹುಬ್ಬಳ್ಳಿಗಳಿಗೆ ನೀವೇ ಫೋನ್ ಮಾಡಿ, ಈ ಮಾದರಿಯ ಸ್ಕ್ಯಾನರ್ ಇದೆಯೇ, ಇಂಜೆಕ್ಟರ್ ದಾಸ್ತಾನು ಇದೆಯೇ, ಛಾವಣಿಯ ಮೇಲೆ ಏಸಿ ಕೂರಿಸಿದ ಗಾಡಿ ಒಳಗೆ ಹಿಡಿಸುತ್ತದೆಯೇ ಎಂದು ಕೇಳಿರಿ. ಒಳಾಂಗಣ ಬದಲಿಸಿದರೆ ಇಂಜಿನ್ನಿನ ವಾರಂಟಿ ಉಳಿಯುತ್ತದೆ ಎಂಬುದನ್ನು ಬರಹದಲ್ಲಿ ಪಡೆಯಿರಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ: ರಾತ್ರಿಯಿಡೀ ಇಂಜಿನ್ ಓಡಿಸಿ ಏಸಿಯಲ್ಲಿ ಮಲಗಬಾರದು. ಹೊಗೆಯ ಕಾರ್ಬನ್ ಮೊನಾಕ್ಸೈಡ್‌ನ ಅಪಾಯ ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು, 2020ರ ಏಪ್ರಿಲ್‌ನಿಂದ ಕಡ್ಡಾಯವಾದ ಬಿಎಸ್6 ಡೀಸೆಲ್ ಗಾಡಿಗಳ ಸೈಲೆನ್ಸರ್ ದಾರಿಯಲ್ಲಿ ಮಸಿ ಹಿಡಿಯುವ ಡಿಪಿಎಫ್ ಎಂಬ ಜಾಲರಿಗೆ ಏನಾಗುತ್ತದೆ ಎಂಬುದು. ಅದರಲ್ಲಿ ಕೂಡಿದ ಮಸಿ ಸುಟ್ಟುಹೋಗಲು ಸುಮಾರು 600 ಡಿಗ್ರಿ ಶಾಖ ಬೇಕು. ಹೆದ್ದಾರಿಯಲ್ಲಿ ಒಂದೇ ವೇಗದಲ್ಲಿ ಓಡುವಾಗ ಆ ಶಾಖ ಸುಲಭವಾಗಿ ಹುಟ್ಟುತ್ತದೆ, ನಿಂತಲ್ಲೇ ಗುರುಗುಟ್ಟುವ ಇಂಜಿನ್ ತಾನಾಗಿ ಅಷ್ಟು ಬಿಸಿಯಾಗುವುದಿಲ್ಲ. ನಾಲ್ಕು ರಾತ್ರಿ ಹೀಗೆ ಮಲಗಿದವರು ಐದನೆಯ ಬೆಳಿಗ್ಗೆ ಎಚ್ಚರಿಕೆಯ ದೀಪ ನೋಡಿ ಡೀಸೆಲ್ ಕಲಬೆರಕೆಯೆಂದು ಪಂಪಿನವನನ್ನು ಬೈಯುತ್ತಾರೆ. ಏಸಿ ಬೇಕೇ ಬೇಕೆಂದರೆ ಬೇರೆ ಬ್ಯಾಟರಿಯಿಂದ ಓಡಿಸಿರಿ. ಸಣ್ಣ ಏಸಿಯೊಂದು ಎಂಟು ಗಂಟೆಗೆ ಸುಮಾರು ಐದು ಯೂನಿಟ್ ಕುಡಿಯುತ್ತದೆಂದು ಹಿಡಿದರೆ, 12 ವೋಲ್ಟ್, 200 ಆಂಪಿಯರ್-ಗಂಟೆಯ ಲಿಥಿಯಂ ಬ್ಯಾಟರಿ ಒಂದಕ್ಕೆ ಎರಡೂವರೆ ಯೂನಿಟ್‌ನಂತೆ ಎರಡು ಬೇಕು, ನಷ್ಟ ಲೆಕ್ಕ ಹಾಕಿದರೆ ಮೂರು. ಆ ಮೂರರ ತೂಕವನ್ನೂ ವೇ-ಬ್ರಿಜ್‌ನ ಲೆಕ್ಕಕ್ಕೆ ಸೇರಿಸಿಕೊಳ್ಳಿರಿ.