ಮೈಯೆಲ್ಲಾ ನಾಲಿಗೆಯಾದ ಮೀನು

ಕ್ಯಾಟ್‌ಫಿಶ್, ಅಂದರೆ ಬಾಯಿಯ ಸುತ್ತ ಮೀಸೆ ಇರುವ ಮೀನು, ಸಾಕುವವರು ನನ್ನ ಹತ್ತಿರ ಪದೇ ಪದೇ ಕೇಳುವ ಪ್ರಶ್ನೆ ಇದು: 'ಹಗಲೆಲ್ಲಾ ಮೂಲೇಲಿ ಬಿದ್ದಿರುತ್ತೆ, ಏನೂ ತಿನ್ನಲ್ಲ. ಕಾಯಿಲೆ ಇರಬಹುದಾ?' ಎಷ್ಟೋ ಸಲ ಅದಕ್ಕೆ ಏನೂ ಆಗಿರುವುದಿಲ್ಲ. ಈ ಗುಂಪಿನ ಬಹುತೇಕ ಮೀನುಗಳು ಓಡಾಡುವುದೇ ರಾತ್ರಿ. ದೀಪ ಆರಿಸಿದ ಮೇಲೆ ಆಹಾರ ಹಾಕಿ ನೋಡಿ.

ಕತ್ತಲಲ್ಲಿ, ಅದರಲ್ಲೂ ಕೆಸರು ನೀರಲ್ಲಿ, ಕಣ್ಣು ಇದ್ದೂ ಜಾಸ್ತಿ ಪ್ರಯೋಜನವಿಲ್ಲ, ಅಲ್ವಾ? ಆ ಕೆಲಸ ಮೀಸೆಗಳದ್ದು. ಹೆಚ್ಚೆಂದರೆ 4 ಜೊತೆ ಇರುತ್ತವೆ. ತಡಕುವುದೂ ಅವೇ, ರುಚಿ ನೋಡುವುದೂ ಅವೇ. ರುಚಿಮೊಗ್ಗುಗಳು ಮೀಸೆಯಲ್ಲಷ್ಟೇ ಅಲ್ಲ, ಬೆನ್ನು, ಹೊಟ್ಟೆ, ಬಾಲದವರೆಗೂ ಹರಡಿವೆ. ಚಾನೆಲ್ ಕ್ಯಾಟ್‌ಫಿಶ್ ಅನ್ನುವ ಅಮೆರಿಕದ ಜಾತಿಯ ದೊಡ್ಡ ಮೀನೊಂದರ ಮೈಮೇಲೆ 1 ಲಕ್ಷಕ್ಕೂ ಹೆಚ್ಚು! ಪಕ್ಕೆಗೆ ಹುಳು ತಾಕಿದರೂ ಸಾಕು, ತಟ್ಟನೆ ತಿರುಗಿ ಬಾಯಿ ಹಾಕುತ್ತದೆ. ಅದಕ್ಕೇ ತೊಟ್ಟಿಯ ತಳಕ್ಕೆ ಚೂಪು ಜಲ್ಲಿ ಬೇಡ, ನುಣ್ಣನೆಯ ಮರಳು ಹಾಕಿ. ಮೀಸೆ ಸವೆದ ಮೀನು ಆಹಾರ ಹುಡುಕಲು ಒದ್ದಾಡುತ್ತದೆ.

ಇವಕ್ಕೆ ಹುರುಪೆ ಇಲ್ಲ. ಬರೀ ಲೋಳೆ ಚರ್ಮ, ಕೆಲವು ಜಾತಿಗಳಿಗೆ ಮೂಳೆಯ ಫಲಕ. ಕಾಪಾಡುವುದು ಮುಳ್ಳುಗಳು: ಬೆನ್ನಿನ ರೆಕ್ಕೆಗೆ ಒಂದು, ಎದೆಯ ಎರಡೂ ರೆಕ್ಕೆಗಳಿಗೆ ಒಂದೊಂದು. ಹೆದರಿದಾಗ ಸೆಟೆದು ನಿಲ್ಲುತ್ತವೆ, ಒತ್ತಿದರೂ ಮಡಚುವುದಿಲ್ಲ. ಬಲೆಗೆ ಸಿಕ್ಕಿಕೊಂಡರೆ ದಯವಿಟ್ಟು ಎಳೆಯಬೇಡಿ, ಬಲೆಯ ದಾರವನ್ನೇ ಕತ್ತರಿಸಿ. ಅನೇಕ ಜಾತಿಗಳ ಮುಳ್ಳಿನಲ್ಲಿ ವಿಷವೂ ಇದೆ. ಚುಚ್ಚಿದರೆ, ಚರ್ಮ ತಡೆಯುವಷ್ಟು ಬಿಸಿ ನೀರಲ್ಲಿ ಕೈ ಇಟ್ಟುಕೊಳ್ಳಿ, ನೋವು ಇಳಿಯುತ್ತದೆ. ಊತ ಏರಿದರೆ ವೈದ್ಯರ ಹತ್ತಿರ ಹೋಗಿ.

'ಕ್ಯಾಟ್‌ಫಿಶ್ ಎಂಥ ಕೊಳೆ ನೀರಲ್ಲೂ ಬದುಕುತ್ತೆ' ಅನ್ನುವ ಮಾತು ಕೇಳಿದಾಗ ಬೇಸರವಾಗುತ್ತದೆ. ನಿಜ, ಕ್ಲೇರಿಯಸ್ ಅನ್ನುವ ಗುಂಪಿನವಕ್ಕೆ ಕಿವಿರಿನ ಮೇಲ್ಗಡೆ ಕವಲೊಡೆದ ಅಂಗವೊಂದಿದೆ. ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತವೆ, ಒದ್ದೆ ನೆಲದ ಮೇಲೆ ತೆವಳಿಕೊಂಡು ಇನ್ನೊಂದು ಹೊಂಡಕ್ಕೂ ಹೋಗುತ್ತವೆ. ಆದರೆ ರಭಸದ ಹೊಳೆಯಲ್ಲಿ ಕಲ್ಲಿಗೆ ಅಂಟಿ ಬದುಕುವ ಜಾತಿಗಳಿಗೆ ಆಮ್ಲಜನಕ ತುಂಬಿದ ಶುದ್ಧ ನೀರೇ ಬೇಕು. 3,000ಕ್ಕೂ ಹೆಚ್ಚು ಜಾತಿಗಳನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಹೇಗೆ? ಮೊದಲು ನಿಮ್ಮದು ಯಾವ ಜಾತಿ ಅಂತ ತಿಳಿದುಕೊಳ್ಳಿ.

ನನಗೆ ಎಲ್ಲಕ್ಕಿಂತ ಇಷ್ಟವಾಗುವುದು ಇವುಗಳಲ್ಲಿ ಗಂಡುಗಳು ಮರಿಗಳಿಗಾಗಿ ಪಡುವ ಪಾಡು. ಕಡಲಲ್ಲಿರುವ ಏರಿಯಿಡೇ ಕುಟುಂಬದ ಗಂಡು ಗೋಲಿ ಗಾತ್ರದ ಮೊಟ್ಟೆಗಳನ್ನು ಬಾಯಲ್ಲಿಟ್ಟುಕೊಂಡು ವಾರಗಟ್ಟಲೆ ಉಪವಾಸ ಇರುತ್ತದೆ. ಚಾನೆಲ್ ಕ್ಯಾಟ್‌ಫಿಶ್ ಗಂಡು ಪೊಟರೆಯಲ್ಲಿ ಕೂತು, ರೆಕ್ಕೆ ಬೀಸಿ ಮೊಟ್ಟೆಗಳಿಗೆ ಹೊಸ ನೀರು ಹಾಯಿಸುತ್ತಲೇ ಇರುತ್ತದೆ. ಆಗ ಸುಮ್ನೆ ಬಿಟ್ಟುಬಿಡಿ. ಪದೇ ಪದೇ ಇಣುಕಿದರೆ ಗಾಬರಿಯಾಗಿ ಮೊಟ್ಟೆಗಳನ್ನು ತಾನೇ ತಿಂದುಬಿಡಬಹುದು.