ಬೀಳದ ಪೆಟ್ಟು

ಕುಮಟಾದಲ್ಲಿ ಕಾಲೇಜಿಗೆ ಹೋಗುತ್ತಿದ್ದಾಗ ನಮ್ಮ ಕೇರಿಯ ಗಣೇಶೋತ್ಸವದ ಆರ್ಕೆಸ್ಟ್ರಾದಲ್ಲಿ ನಾನು ರಿದಂ ಪ್ಯಾಡ್, ಅಂದರೆ ಕೋಲಿನಿಂದ ಹೊಡೆದರೆ ಡ್ರಮ್ಮಿನ ಸದ್ದು ಕೊಡುವ ಎಲೆಕ್ಟ್ರಾನಿಕ್ ವಾದ್ಯ, ಬಾರಿಸುತ್ತಿದ್ದೆ. ಬಾರಿಸುತ್ತಿದ್ದೆ ಅನ್ನುವುದು ಸ್ವಲ್ಪ ಜಾಸ್ತಿಯೇ ಆಯಿತು. ಒಂದು ರಾತ್ರಿ ಪಲ್ಲವಿ ಮುಗಿದು ಚರಣ ಶುರುವಾಗುವ ಸಂದಿಯಲ್ಲಿ ಉದ್ದದ ರೋಲ್ ಒಂದನ್ನು, ಅಂದರೆ ಒಂದರ ಹಿಂದೊಂದು ಓಡುವ ಪೆಟ್ಟುಗಳ ಸರಣಿಯನ್ನು, ಹೊಡೆದೆ. ಕೈ ಚೆನ್ನಾಗಿಯೇ ಓಡಿತು. ಆದರೆ ಕೊನೆಯ ಪೆಟ್ಟು ಬೀಳುವಾಗ ಅರ್ಧ ಮಾತ್ರೆ ತಡವಾಗಿತ್ತು. ಹಾಡುವವರು ಬಾಯಿ ತೆರೆದು ಹಾಗೇ ನಿಂತರು. ಮುಂದಿನ ಸಾಲಿನಲ್ಲಿ ಕೂತು ಕಾಲು ಕುಣಿಸುತ್ತಿದ್ದ ಅಜ್ಜನೊಬ್ಬನ ಕಾಲೂ ನಿಂತಿತು. ತಬಲಾಕ್ಕೆ ಕೂತಿದ್ದ ಹಿರಿಯರು ಆಮೇಲೆ ಹೇಳಿದ್ದು ಇಷ್ಟೇ: "ಎಲ್ಲಿ ಬೇಕಾದ್ರೂ ತಿರುಗು ತಮಾ, ಸಮಕ್ಕೆ ಸರಿಯಾಗಿ ಬಂದು ಮುಟ್ಟು." ಸಮ ಅಂದರೆ ತಾಳದ ಒಂದು ಸುತ್ತಿನ, ಅಂದರೆ ಆವರ್ತದ, ಮೊದಲ ಪೆಟ್ಟು.

ಹಾಡುವವರು ತಾಳ ಕಲಿತವರು, ಬಿಡಿ. ಆ ಅಜ್ಜನಿಗೆ ಹೇಗೆ ಗೊತ್ತಾಯಿತು?

ಇದಕ್ಕೆ ಒಂದು ಚಂದದ ಉತ್ತರ 2009ರಲ್ಲಿ ಸಿಕ್ಕಿತು. ಹಂಗೇರಿ ಮತ್ತು ನೆದರ್ಲ್ಯಾಂಡ್ಸಿನ ವಿಜ್ಞಾನಿಗಳು ಹುಟ್ಟಿ ಎರಡು ಮೂರು ದಿನವಾದ ಕೂಸುಗಳಿಗೆ, ಅವು ನಿದ್ದೆಯಲ್ಲಿದ್ದಾಗ, ಡ್ರಮ್ ಬೀಟ್ ಕೇಳಿಸಿದರು. ನಮ್ಮ ಸಿನಿಮಾ ಹಾಡುಗಳಲ್ಲೂ ಇರುವಂಥದ್ದೇ: ಕಾಲಿನಲ್ಲಿ ತುಳಿಯುವ ದಪ್ಪ ದನಿಯ ಕಿಕ್, ಚುರುಕು ದನಿಯ ಸ್ನೇರ್, ಜೋಡಿ ತಾಳದಂಥ ಹೈ-ಹ್ಯಾಟ್. ನಡುನಡುವೆ ಬೇಕೆಂದೇ ಒಂದೊಂದು ಪೆಟ್ಟು ಬಿಟ್ಟರು. ಇದ್ದರೂ ಸೈ, ಇಲ್ಲದಿದ್ದರೂ ಸೈ ಅನ್ನುವಂಥ ಪೆಟ್ಟು ಬಿಟ್ಟಾಗ ಕೂಸಿನ ಮಿದುಳು ತಲೆಕೆಡಿಸಿಕೊಳ್ಳಲಿಲ್ಲ. ಸಮದ ಪೆಟ್ಟನ್ನೇ ಬಿಟ್ಟಾಗ ಮಾತ್ರ ಮಿದುಳಿನ ಅಲೆ ತಟ್ಟನೆ ಬದಲಾಯಿತು. ಅಲ್ಲಿ ಸದ್ದೇ ಇರಲಿಲ್ಲ, ನೋಡಿ. ಬರಬೇಕಾಗಿದ್ದು ಬರಲಿಲ್ಲ ಅಂತ ಕೂಸಿಗೆ ತಿಳಿಯಿತು. ಕಣ್ಣು ಸರಿಯಾಗಿ ಬಿಡದ ಕೂಸಿಗೇ ಅಷ್ಟು ತಿಳಿದರೆ, ಎಂಬತ್ತು ವರ್ಷ ಹಾಡು ಕೇಳಿದ ಅಜ್ಜನಿಗೆ ತಿಳಿಯದೆ ಇರುತ್ತದಾ?

ಮುಂದಿನ ಪೆಟ್ಟು ಯಾವಾಗ ಅಂತ ಮಿದುಳು ಮೊದಲೇ ಲೆಕ್ಕ ಹಾಕಿ ಕೂತಿರುತ್ತದೆ. ಒಳ್ಳೆಯ ಡ್ರಮ್ಮರ್ ಆಡುವುದು ಈ ಲೆಕ್ಕದ ಜೊತೆಗೇ. ನಮ್ಮ ಕಡೆಯ ಬಡಗುತಿಟ್ಟಿನ ಯಕ್ಷಗಾನದ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಭಾಗವತರ ತಾಳದ ಜೊತೆ ಮದ್ದಳೆ ನಡೆ ಹಿಡಿದು ಹೋಗುತ್ತಿರುತ್ತದೆ. ಯುದ್ಧದ ಪದ್ಯ ಬಂತು ಅನ್ನಿ, ಚಂಡೆ ಎದ್ದು ಬರುತ್ತದೆ. ಪೆಟ್ಟುಗಳ ಸರಣಿಯ ಮೇಲೆ ಸರಣಿ, ಬಿಡ್ತಿಗೆಯ ಮೇಲೆ ಬಿಡ್ತಿಗೆ. ಎಲ್ಲಿ ಇಳಿಯುತ್ತಾನೋ ಮಾರಾಯ ಅಂತ ಉಸಿರು ಹಿಡಿದಿರುವಾಗ ಮುಕ್ತಾಯ ಬೀಳುತ್ತದೆ. ವೇಷಧಾರಿಯ ಗೆಜ್ಜೆ, ಚಂಡೆಯ ಕೋಲು, ಗದ್ದೆಯ ಅಂಚಿನ ಚಾದಂಗಡಿಯಲ್ಲಿ ನಿಂತವನ ತಲೆ, ಮೂರೂ ಒಂದೇ ಹೊತ್ತಿಗೆ.

ದೂರದ ಅಮೆರಿಕದಲ್ಲಿ ಇದೇ ಆಟವನ್ನು ಏಳು ಸೆಕೆಂಡಿನಲ್ಲಿ ಆಡಿ ತೋರಿಸಿದವನು ಗ್ರೆಗರಿ ಕೋಲ್‌ಮನ್. 1969ರಲ್ಲಿ 'ದಿ ವಿನ್‌ಸ್ಟನ್ಸ್' ತಂಡದ 'ಅಮೆನ್, ಬ್ರದರ್' ಅನ್ನುವ ಟ್ರ್ಯಾಕಿನ ನಡುವೆ ಉಳಿದ ವಾದ್ಯಗಳೆಲ್ಲ ನಿಂತು ಅವನ ಡ್ರಮ್ ಮಾತ್ರ ಉಳಿಯುತ್ತದೆ. ಒಟ್ಟು ನಾಲ್ಕೇ ಆವರ್ತ. ಮೊದಲ ಎರಡರಲ್ಲಿ ಹಿಂದಿನ ನಡೆಯೇ. ಮೂರನೆಯದರಲ್ಲಿ ಒಂದು ಸ್ನೇರ್ ಪೆಟ್ಟನ್ನು ಬೇಕೆಂದೇ ತಡ ಮಾಡುತ್ತಾನೆ. ನಾಲ್ಕನೆಯದರಲ್ಲಿ ಮೊದಲ ಪೆಟ್ಟೇ ಇಲ್ಲ, ಖಾಲಿ! ಆಮೇಲೆ ಸಿಂಬಲ್ ಕಾಯದೇ ಮುಂಚಿತವಾಗಿ ಬೀಳುತ್ತದೆ. ಆ ತುಣುಕನ್ನು ಮುಂದೆ ಸಾವಿರಾರು ಹಾಡುಗಳು ಎತ್ತಿಕೊಂಡವು. ಕೋಲ್‌ಮನ್‌ಗೆ ಅದರಿಂದ ರಾಯಲ್ಟಿ ಒಂದು ಕಾಸೂ ಬರಲಿಲ್ಲ ಅನ್ನುವುದು ಬೇಸರದ ಸಂಗತಿ. ನಾನೂ ಸಮದ ಪೆಟ್ಟು ತಪ್ಪಿಸಿದ್ದೆ, ಅವನೂ ತಪ್ಪಿಸಿದ. ವ್ಯತ್ಯಾಸ ಏನೆಂದರೆ ಅದು ಎಲ್ಲಿತ್ತು ಅಂತ ಅವನಿಗೆ ಗೊತ್ತಿತ್ತು.

ಹಾಗಂತ ತಪ್ಪಿಸುತ್ತಲೇ ಹೋದರೆ? 2014ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 50 ಡ್ರಮ್ ತುಣುಕುಗಳನ್ನು ಕೇಳಿಸಿ, ಯಾವುದಕ್ಕೆ ಕುಣಿಯಬೇಕು ಅನ್ನಿಸುತ್ತದೆ ಅಂತ ಜನರನ್ನು ಕೇಳಿದರು. ತೀರಾ ನೇರದ ಬೀಟಿಗೆ ಜನ ಅಷ್ಟೇನೂ ಒಲಿಯಲಿಲ್ಲ. ತೀರಾ ಸುತ್ತಿ ಬಳಸಿದ್ದಕ್ಕೂ ಇಲ್ಲ. ಮಧ್ಯದಲ್ಲಿದ್ದದ್ದಕ್ಕೆ ಮೈ ಎದ್ದಿತು. ಉಪ್ಪಿನಕಾಯಿಗೆ ಉಪ್ಪು ಹಾಕುವ ಲೆಕ್ಕ, ಅಲ್ವಾ?

ಇನ್ನೊಂದು ರೋಲ್ ಬಗ್ಗೆ ಹೇಳದೆ ಇರಲಾರೆ. 1981ರ ಫಿಲ್ ಕಾಲಿನ್ಸ್ ಹಾಡು, 'ಇನ್ ದಿ ಏರ್ ಟುನೈಟ್'. ಕೈಗೆ ಅಂಥ ಕಷ್ಟದ ರೋಲೇನಲ್ಲ, ಒಂದು ತಿಂಗಳು ಕಲಿತ ಹುಡುಗ ಬಾರಿಸಬಹುದು. ಆದರೆ ಅದು ಬರುವುದು ಸುಮಾರು 3 ನಿಮಿಷ 40 ಸೆಕೆಂಡ್ ಆದಮೇಲೆ. ಅಲ್ಲಿಯವರೆಗೆ ಯಂತ್ರದ ತೆಳ್ಳನೆಯ ಟಿಕ್ ಟಿಕ್ ಮಾತ್ರ. ಅಷ್ಟು ಹೊತ್ತು ಕಾಯಿಸುವ ಧೈರ್ಯ ನಮ್ಮ ಆರ್ಕೆಸ್ಟ್ರಾದಲ್ಲಿ ಯಾರಿಗೂ ಇರಲಿಲ್ಲ.

ಯಂತ್ರದ ಬೀಟಿಗೂ ಮನುಷ್ಯನ ಬೀಟಿಗೂ ಇರುವ ಅಂತರವನ್ನೂ ಅಳೆದಿದ್ದಾರೆ. ಅಮೆರಿಕದ ಡ್ರಮ್ಮರ್ ಜೆಫ್ ಪೊರ್ಕಾರೊ 1982ರ ಹಾಡೊಂದಕ್ಕೆ ಬಾರಿಸಿದ ಹೈ-ಹ್ಯಾಟನ್ನು ಸಂಶೋಧಕರು 2015ರಲ್ಲಿ ಪೆಟ್ಟು ಪೆಟ್ಟಾಗಿ ಬಿಡಿಸಿ ನೋಡಿದರು. ಅಂಥ ಗಟ್ಟಿಗನ ಕೈಯೂ ಗಡಿಯಾರಕ್ಕಿಂತ ಕೆಲವು ಮಿಲಿಸೆಕೆಂಡು ಹಿಂದೆ ಮುಂದೆ ಆಗುತ್ತಿತ್ತು. ಆದರೆ ಈ ಏರುಪೇರು ಅಡ್ಡಾದಿಡ್ಡಿಯಾಗಿರಲಿಲ್ಲ. ಒಂದು ಕಡೆಯ ಏರುಪೇರಿಗೂ ಎಷ್ಟೋ ಪೆಟ್ಟುಗಳ ಆಚೆಗಿನ ಏರುಪೇರಿಗೂ ನಂಟಿತ್ತು.

ಇಷ್ಟು ಸಣ್ಣ ವ್ಯತ್ಯಾಸ ಕಿವಿಗೆ ಸಿಗಬೇಕಾದರೆ ಪೆಟ್ಟಿನ ಮೊದಲ ತುದಿ ಚೂಪಾಗಿರಬೇಕು. ಹೋಳಿಯ ಹೊತ್ತಿಗೆ ಶಿರಸಿಯಲ್ಲಿ ಬೇಡರ ವೇಷದ ಕುಣಿತ ಹೊರಡುವ ಮೊದಲು ಚರ್ಮದ ವಾದ್ಯವಾದ ಹಲಗೆಯನ್ನು ಬೆಂಕಿಗೆ ಹಿಡಿಯುವುದು ಇದಕ್ಕೇ. ಥಂಡಿ ಕುಡಿದ ಚರ್ಮ ಸಡಿಲವಾಗುತ್ತದೆ, ದನಿ ಇಳಿಯುತ್ತದೆ, ಪೆಟ್ಟು ಧಬ್ ಅಂತ ಹರಡಿಕೊಳ್ಳುತ್ತದೆ. ಕಾಯಿಸಿದರೆ ನೀರು ಆರಿ ಚರ್ಮ ಬಿಗಿಯುತ್ತದೆ, ಠಣ್ ಅನ್ನುತ್ತದೆ. ಆ ಠಣ್ ಮೇಲೆ ವೇಷಧಾರಿ ಕಾಲಿಡುತ್ತಾನೆ.

ನನ್ನ ಪ್ಯಾಡಿನದು ರಬ್ಬರ್. ಅದಕ್ಕೆ ಥಂಡಿ ಹತ್ತುವುದಿಲ್ಲ. ಹಾಗಾಗಿ ಆ ರಾತ್ರಿಯ ತಪ್ಪನ್ನು ಕುಮಟೆಯ ಮಳೆಯ ತಲೆಗೆ ಕಟ್ಟುವ ದಾರಿಯೂ ನನಗಿರಲಿಲ್ಲ.