ಥರ್ಮೋಸ್ಟ್ಯಾಟಿನೊಳಗಿನ ಪಾದರಸಕ್ಕೆ ಏನು ಕೆಲಸ?

ಅಮೆರಿಕದ ಹಳೆಯ ಮನೆಗಳ ಗೋಡೆಯಲ್ಲಿ, ಹೀಟರನ್ನು ತಾನೇ ಆನ್-ಆಫ್ ಮಾಡಿ ಕೋಣೆಯ ಬಿಸಿಯನ್ನು ಹದದಲ್ಲಿಡುವ ದುಂಡನೆಯ ಥರ್ಮೋಸ್ಟ್ಯಾಟ್ ಈಗಲೂ ಕಾಣಸಿಗುತ್ತದೆ. ಹನಿವೆಲ್ ಕಂಪನಿ 1953ರಲ್ಲಿ ತಂದ ‘ರೌಂಡ್’ ಇವುಗಳಲ್ಲಿ ಹೆಸರುವಾಸಿ. ಮುಚ್ಚಳ ತೆಗೆದರೆ ಒಳಗೆ ಪುಟ್ಟ ಗಾಜಿನ ಬುರುಡೆ, ಅದರಲ್ಲಿ ಹೊಳೆಯುವ ಪಾದರಸ. ಇದೂ ಥರ್ಮಾಮೀಟರೇ ಇರಬೇಕು ಅನ್ನಿಸುತ್ತದೆ ಅಲ್ವಾ? ಆದರೆ ಇಲ್ಲಿ ಪಾದರಸದ ಕೆಲಸವೇ ಬೇರೆ.

ಗ್ರೀಕಿನಲ್ಲಿ ‘ಥರ್ಮೋಸ್’ ಎಂದರೆ ಬಿಸಿ. ‘ಮೀಟರ್’ ಅದನ್ನು ಅಳೆಯುತ್ತದೆ, ‘ಸ್ಟ್ಯಾಟ್’ ಅದನ್ನು ಒಂದು ಮಟ್ಟದಲ್ಲಿ ನಿಲ್ಲಿಸುತ್ತದೆ.

ಜ್ವರ ನೋಡುವ ಥರ್ಮಾಮೀಟರಿನಲ್ಲಿ ಪಾದರಸ ಬಿಸಿಗೆ ಹಿಗ್ಗುತ್ತದೆ. 35ರಿಂದ 42 ಡಿಗ್ರಿ ಸೆಲ್ಸಿಯಸ್‌ಗೆ ಏರಿದರೂ ಅದು ಹಿಗ್ಗುವುದು ಸಾವಿರದಲ್ಲಿ ಒಂದು ಪಾಲಿಗಿಂತ ತುಸು ಜಾಸ್ತಿ, ಅಷ್ಟೇ. ಕೊಳವೆಯ ರಂಧ್ರ ತೀರಾ ಸಣ್ಣದಾದ್ದರಿಂದ ಅಷ್ಟು ಚೂರೇ ಉದ್ದದ ಗೆರೆಯಾಗಿ ಕಾಣುತ್ತದೆ. ಬುರುಡೆಯ ಮೇಲೆ ಕೊಳವೆ ಒಂದು ಕಡೆ ಇನ್ನೂ ಕಿರಿದಾಗಿರುತ್ತದೆ. ತಣ್ಣಗಾದಾಗ ಪಾದರಸದ ಎಳೆ ಅಲ್ಲೇ ತುಂಡಾಗಿ, ಮೇಲಿನ ಭಾಗ ಇದ್ದಲ್ಲೇ ನಿಲ್ಲುತ್ತದೆ. ನರ್ಸ್ ಅದನ್ನು ಜೋರಾಗಿ ಕೊಡವುತ್ತಿದ್ದುದು ಆ ಪಾದರಸವನ್ನು ಮತ್ತೆ ಕೆಳಗಿಳಿಸಲು.

ಥರ್ಮೋಸ್ಟ್ಯಾಟಿನಲ್ಲಿ ಬಿಸಿಯನ್ನು ಗ್ರಹಿಸುವುದು ಲೋಹದ ಸುರುಳಿ. ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುವ ಎರಡು ಲೋಹದ ಪಟ್ಟಿಗಳನ್ನು ಬೆಸೆದು ಅದನ್ನು ಮಾಡಿರುತ್ತಾರೆ. ನಮ್ಮ ಇಸ್ತ್ರಿ ಪೆಟ್ಟಿಗೆಯಲ್ಲೂ ಇಂಥದ್ದೇ ಪಟ್ಟಿ ಇರುತ್ತದೆ, ಪಾದರಸ ಮಾತ್ರ ಇರುವುದಿಲ್ಲ. ಕೋಣೆ ತಣ್ಣಗಾದರೆ ಸುರುಳಿ ತಿರುಗಿ, ಅದರ ಮೇಲಿನ ಗಾಜಿನ ಬುರುಡೆ ವಾಲುತ್ತದೆ. ಪಾದರಸ ಒಂದು ತುದಿಗೆ ಉರುಳಿ ಅಲ್ಲಿರುವ ಎರಡು ತಂತಿಗಳನ್ನು ಕೂಡಿಸುತ್ತದೆ. ಕರೆಂಟ್ ಹರಿದು ಹೀಟರ್ ಚಾಲೂ. ಕೋಣೆ ಬೆಚ್ಚಗಾದರೆ ಬುರುಡೆ ಆಚೆಗೆ ವಾಲಿ ಹೀಟರ್ ಆಫ್. ನನಗೆ ತುಂಬಾ ಇಷ್ಟವಾಗುವುದು ಇದರ ಒಂದು ಜಾಣತನ. ಪಾದರಸ ಭಾರವಾದ್ದರಿಂದ ಅದು ಉರುಳುವಾಗ ಬುರುಡೆಯನ್ನೂ ಆ ಕಡೆಗೆ ಜಗ್ಗುತ್ತದೆ. ಹಾಗಾಗಿ ಸ್ವಿಚ್ ಅರ್ಧಕ್ಕೆ ನಿಂತು ಪಟಪಟ ಬಡಿದುಕೊಳ್ಳುವುದಿಲ್ಲ.

ಇಷ್ಟು ಚೆಂದದ ಸಾಧನಗಳು ಮರೆಯಾಗುತ್ತಿರುವುದು ಪಾದರಸದ ಆವಿ ವಿಷವಾದ್ದರಿಂದ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಅಂತರರಾಷ್ಟ್ರೀಯ ಮಿನಮಾಟ ಒಪ್ಪಂದ 2017ರಲ್ಲಿ ಜಾರಿಗೆ ಬಂತು, ಭಾರತವೂ ಅದರಲ್ಲಿದೆ. ಜ್ವರದ ಥರ್ಮಾಮೀಟರಿನಲ್ಲಿರುವ ಪಾದರಸ ಒಂದು ಗ್ರಾಂ ಆಸುಪಾಸು. ಥರ್ಮೋಸ್ಟ್ಯಾಟಿನಲ್ಲಿ ಅದರ ಹಲವು ಪಟ್ಟು. ಹಳೆಯದನ್ನು ತೆಗೆಸಿದರೆ ದಯವಿಟ್ಟು ಸುಮ್ನೆ ಕಸಕ್ಕೆ ಎಸೆಯಬೇಡಿ, ಅಪಾಯಕಾರಿ ಕಸ ತೆಗೆದುಕೊಳ್ಳುವಲ್ಲಿಗೆ ಕೊಡಿ. ಒಡೆದರೆ ಮಕ್ಕಳನ್ನು ಹೊರಗೆ ಕಳಿಸಿ, ಕಿಟಕಿ ತೆರೆಯಿರಿ. ಪೊರಕೆಯಿಂದ ಗುಡಿಸಬೇಡಿ, ಹನಿಗಳು ಇನ್ನೂ ಸಣ್ಣದಾಗಿ ಹರಡುತ್ತವೆ. ಕೈಗವಸು ಹಾಕಿಕೊಂಡು, ಗಟ್ಟಿ ಕಾಗದದಲ್ಲಿ ಒಟ್ಟುಮಾಡಿ, ಬಿಗಿ ಮುಚ್ಚಳದ ಬಾಟಲಿಗೆ ಹಾಕಿಡಿ.